ಸಮುದ್ರಕ್ಕೆ ಕಟ್ಟಿಕೊಂಡು ಹೋದ ಉಡಿ

ನಮ್ಮ ಪೇಟೆಯಲ್ಲಿ ಯಾರಾದರೂ ಪರದೇಶದ ಆ ದ್ವೀಪಕ್ಕೆ ಟಿಕೆಟ್ ತೆಗೆಸಿದರೆ ಸಾಕು, ನನಗೆ ಫೋನ್ ಬರುತ್ತದೆ. ಏನು ನೋಡಬೇಕು, ಏನು ತಿನ್ನಬೇಕು, ಏನು ತರಬೇಕು? ಸೊಲ್ಲಾಪುರದ ಟಾವೆಲ್, ಚಾದರದ ವ್ಯಾಪಾರಿಗಳ ಮನೆಗಳಿಂದ ಮೊದಲು ಅಲ್ಲಿಗೆ ಹೋಗಿಬಂದ ಹೆಂಗಸರಲ್ಲಿ ನಾನೂ ಒಬ್ಬಳು, ಅದಕ್ಕೇ ಈ ಮರ್ಯಾದೆ. ಕೇಳಿದವರಿಗೆಲ್ಲ ನಾನು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಒಮ್ಮೆ ಕೇಳಿದವರು ಎರಡನೆಯ ಸಲ ಫೋನ್ ಮಾಡಿದ್ದಿಲ್ಲ.

ಎಲ್ಲರಿಗೂ ಒಂದೊಂದೇ ಹೇಳಿ ಬಾಯಿ ಕೆಡಿಸಿಕೊಳ್ಳುವ ಬದಲು ಬರೆದೇ ಬಿಡುತ್ತೇನೆ. ನಾನು ಅಕ್ಕಲಕೋಟ ತಾಲೂಕಿನ ಕನ್ನಡ ಶಾಲೆಯಲ್ಲಿ ಕಲಿತವಳು. ನಮ್ಮ ಪೇಟೆಯ ಮಂದಿ ಮನೆಯಲ್ಲಿ ಕನ್ನಡವನ್ನೇ ಆಡಿದರೂ ಓದುವುದು ಮರಾಠಿ. ಹಾಗಾಗಿ ಇದು ಅವರ ಕಣ್ಣಿಗೆ ಬೀಳಲಾರದು ಎಂಬ ಧೈರ್ಯವೂ ಇದೆ. ಬಿದ್ದರೂ ಬೀಳಲಿ.

ನಾವು ಹೋದದ್ದು ನಮ್ಮ ಹಣದಿಂದಲ್ಲ. ನಮಗೆ ನೂಲು ಕೊಡುವ ಕಂಪನಿಯವರು ತಮ್ಮ ಗಿರಾಕಿಗಳನ್ನು ಖುಷಿಪಡಿಸಲು ಅಂಗಡಿಗೆ ಎರಡರಂತೆ ಟಿಕೆಟ್ ಕೊಟ್ಟಿದ್ದರು. ನನ್ನ ಯಜಮಾನರಿಗೆ ಮೊಣಕಾಲು ನೋವು. ಅಂಗಡಿಯಿಂದ ಮನೆಗೆ ಬರುವುದೇ ಅವರಿಗೆ ದೊಡ್ಡ ಪ್ರವಾಸ. ಅವರು ತಮ್ಮ ತಾಯಿಗೆ ಹೇಳಿದರು: “ಅವ್ವಾ, ನನ್ನ ಬದ್ಲಿ ನೀ ಹೋಗು. ಒಮ್ಮೆ ಸಮುದ್ರ ನೋಡಿ ಬಾ.” ಎಪ್ಪತ್ತರ ಹತ್ತಿರ ಬಂದಿದ್ದ ನನ್ನ ಅತ್ತೆ ಭೀಮಾ ಹೊಳೆಗಿಂತ ದೊಡ್ಡ ನೀರನ್ನು ಕಂಡವರಲ್ಲ. ಬೇಡ ಬೇಡ ಎನ್ನುತ್ತಲೇ ಫೋಟೋ ತೆಗೆಸಲು ಹೊಸ ಸೀರೆ ಉಟ್ಟು ಕೂತರು.

ಅತ್ತೆಯ ತವರು ಕುಂಭಾರಿ, ಅಕ್ಕಲಕೋಟದ ರಸ್ತೆಯ ಮೇಲಿನ ಊರು. ಹೊರಡುವ ಮುಂಚೆ ಹೇಳಿ ಬರೋಣ ಎಂದು ಇಬ್ಬರೂ ಹೋದೆವು. ಒಬ್ಬರಿಗೆ ಹೇಳಿದ್ದು ಓಣಿಗೆಲ್ಲ ಹಬ್ಬಿ, ಸಂಜೆಯ ಹೊತ್ತಿಗೆ ಹೆಂಗಸರು ಸೆರಗಿನ ಮರೆಯಲ್ಲಿ ಒಂದೊಂದು ಹಿಡಿ ಅಕ್ಕಿ ತಂದು ಪಡಸಾಲೆಯಲ್ಲಿ ಕೂತಿದ್ದರು. “ನಾವೇನು ಈ ಜನ್ಮದಾಗ ಸಮುದ್ರ ನೋಡಾಕ ಹೋಗೂದಿಲ್ಲ. ನಮ್ಮ ಹೆಸರಲೆ ಆ ಸಮುದ್ರದವ್ವಗ ಉಡಿ ತುಂಬಿ ಬರ್ರಿ” ಅಂದರು.

ಉಡಿ ತುಂಬುವುದು ನಮ್ಮಲ್ಲಿ ಹೆಣ್ಣಿಗೆ ಮಾಡುವ ದೊಡ್ಡ ಮರ್ಯಾದೆ. ಸೆರಗು ಒಡ್ಡಿ ನಿಂತ ಮುತ್ತೈದೆಗೆ ಅಕ್ಕಿ, ಅರಿಶಿಣ ಕೊಂಬು, ಅಡಿಕೆ, ಉತ್ತತ್ತಿ, ಕುಬಸದ ಖಣ, ಎಲ್ಲದರ ಮೇಲೆ ಒಂದು ಕೊಬ್ಬರಿ ಬಟ್ಟಲು ಹಾಕುತ್ತಾರೆ. ತುಂಬಿಸಿಕೊಂಡವಳು ತನ್ನ ಉಡಿಯಿಂದ ನಾಲ್ಕು ಕಾಳು ತೆಗೆದು ತುಂಬಿದವಳಿಗೆ ತಿರುಗಿ ಕೊಡುತ್ತಾಳೆ, ಕೊಟ್ಟವರ ಮನೆ ಬರಿದಾಗಬಾರದು ಎಂದು. ಹೊಳೆಗೂ ಹೀಗೆಯೇ, ನೀರಿಗೆ ಬಿಟ್ಟು, ತುಂಬುತ್ತೇವೆ. ಗಂಡ ಸತ್ತವಳಿಗೆ ಮಾತ್ರ ಯಾರೂ ಉಡಿ ತುಂಬುವುದಿಲ್ಲ, ಅವಳೂ ಯಾರಿಗೂ ತುಂಬುವಂತಿಲ್ಲ. ಮಾವ ತೀರಿಕೊಂಡು ಹತ್ತು ವರ್ಷ ದಾಟಿತ್ತು. ಹೀಗಾಗಿ ಗಂಟು ಹೊರುವುದು ಅತ್ತೆ, ತುಂಬುವುದು ನಾನು ಎಂದು ಅಲ್ಲೇ ತೀರ್ಮಾನವಾಯಿತು. ಅತ್ತೆಯೇ ಮೊದಲು ಹಾಗೆಂದರು.

ಎಲ್ಲರೂ ಎದ್ದು ಹೋದ ಮೇಲೆ ಅತ್ತೆಯ ಅಣ್ಣನ ಹೆಂಡತಿ ಒಳಗಿನಿಂದ ಬಂದರು. ಅವರದೂ ಬರಿ ಹಣೆ. ತಮ್ಮ ಹಿಡಿ ಅಕ್ಕಿಯನ್ನು ಹಾಕುತ್ತ, “ನಂದು ಕೆಳಗ ಇರ್ಲಿ, ಯಾರಿಗೂ ಕಾಣೂದು ಬ್ಯಾಡ” ಎಂದು ಕೈಯಿಂದ ಉಳಿದ ಅಕ್ಕಿ ಎಳೆದು ಮುಚ್ಚಿದರು. ಅತ್ತೆ ಅದರ ಮೇಲೆ ಅರಿಶಿಣ ಕೊಂಬು, ಅಡಿಕೆ, ಉತ್ತತ್ತಿ, ಖಣ, ಕೊಬ್ಬರಿ ಬಟ್ಟಲು ಇಟ್ಟು ಎಲ್ಲವನ್ನೂ ನಮ್ಮ ಅಂಗಡಿಯ ಹೊಸ ಬಿಳಿ ಟಾವೆಲ್ಲಿನಲ್ಲಿ ಕಟ್ಟಿದರು. ಟಾವೆಲ್ಲಿನ ಅಂಚಿಗೆ ಒಂದು ನೀಲಿ ಗೆರೆ ಇತ್ತು. ನಮ್ಮ ಮಾಲಿಗೆಲ್ಲ ಆ ಗೆರೆ ಇರುತ್ತದೆ.

ತಂಡದಲ್ಲಿ ಎಲ್ಲ ನಮ್ಮ ಪೇಟೆಯವರೇ. ಎಲ್ಲರಿಗಿಂತ ದೊಡ್ಡ ಅಂಗಡಿಯವರನ್ನು ಶೇಟಜಿ ಎಂದೂ ಅವರ ಹೆಂಡತಿಯನ್ನು ಶೇಠಾಣಿ ಎಂದೂ ಕರೆಯುವುದು ರೂಢಿ. ಇಲ್ಲಿಯೂ ಹಾಗೇ ಕರೆಯುತ್ತೇನೆ. ಹೊರಡುವ ಮುನ್ನ ಬಸ್ಸು ಅಕ್ಕಲಕೋಟಕ್ಕೆ ಹೋಯಿತು. ದರ್ಶನ ಮುಗಿಸಿ ಪ್ರಸಾದಕ್ಕೆ ಕೂತಾಗ ಇದೇ ಮಂದಿ ಒಂದು ಅಗುಳು ಬಿಡದೆ ಉಂಡು, ತಟ್ಟೆಗೆ ಕೈಮುಗಿದು ಎದ್ದರು. ಆ ಊಟವನ್ನು ನೆನಪಿನಲ್ಲಿಡಿ.

ಮುಂಬಯಿ ವಿಮಾನ ನಿಲ್ದಾಣದಲ್ಲಿ ತಪಾಸಣೆಯವನು ಗಂಟು ಬಿಚ್ಚಿಸಿ ಕೊಬ್ಬರಿ ಬಟ್ಟಲನ್ನು ತೆಗೆದಿಟ್ಟ. ಒಣ ಕೊಬ್ಬರಿಯಲ್ಲಿ ಎಣ್ಣೆ ಇರುತ್ತದೆ, ಬೆಂಕಿ ಹತ್ತುತ್ತದೆ, ವಿಮಾನಕ್ಕೆ ನಡೆಯುವುದಿಲ್ಲ ಎಂದ. “ಉಡ್ಯಾಗಿಂದು ತಗೀತಾರೇನ್ರಿ ಯಾರರ?” ಎಂದು ಅತ್ತೆ ಅವನನ್ನೇ ಕೇಳಿದರು. ಅವನಿಗೆ ಕನ್ನಡ ಬರುತ್ತಿರಲಿಲ್ಲ. ಬರುತ್ತಿದ್ದ ನಮ್ಮವರು ನಕ್ಕರು. “ಕಾಕು, ಅಲ್ಲಿ ತೆಂಗಿನ ಗಿಡಾನ ಗಿಡ ಅದಾವ. ಬೇಕಾದಷ್ಟು ತಗೊಳ್ಳಾಕ ಬರತೈತಿ” ಅಂದಳು ಶೇಠಾಣಿ. ಪೇಟೆಯವರೆಲ್ಲ ಅತ್ತೆಯನ್ನು ಮರಾಠಿಯಲ್ಲಿ ಕಾಕು, ಅಂದರೆ ಚಿಕ್ಕಮ್ಮ, ಎಂದೇ ಕರೆಯುವುದು. ಅತ್ತೆ ಆ ಮಾತನ್ನು ನಂಬಿದರು.

ಮೊದಲು ತಿನ್ನುವ ವಿಷಯ ಹೇಳುತ್ತೇನೆ. ಆ ದ್ವೀಪದಲ್ಲಿ ಏನು ಸಿಗುತ್ತದೆ ಎಂದು ನಮ್ಮ ತಂಡಕ್ಕೆ ಕೊನೆಯವರೆಗೂ ಗೊತ್ತಾಗಲಿಲ್ಲ. ದಿನವೂ ಮಧ್ಯಾಹ್ನ, ರಾತ್ರಿ ಗೈಡ್ ನಮ್ಮನ್ನು ಒಂದೇ ಹಿಂದುಸ್ತಾನಿ ಹೋಟೆಲ್ಲಿಗೆ ಕರೆದೊಯ್ದು ಅದೇ ಪನೀರ್, ಅದೇ ಹಳದಿ ಬೇಳೆ ಹಾಕಿಸುತ್ತಿದ್ದ. ಅದರ ಮೇಲೆ ಎಲ್ಲರ ಚೀಲದಲ್ಲೂ ಕಡಕ್ ರೊಟ್ಟಿ, ಶೇಂಗಾ ಚಟ್ನಿ. ಹಾಸಿಗೆಯ ಮೇಲೆ ಕೂತು ರೊಟ್ಟಿ ಮುರಿದು ತಿಂದು, ಮರುದಿನ ಹಾಸಿಗೆಯಲ್ಲಿ ಇರುವೆ ಎಂದು ಹೋಟೆಲ್ಲಿನವರ ಮೇಲೆ ಕೂಗಾಡಿದರು. ಬೆಳಗಿನ ತಿಂಡಿ ಪುಕ್ಕಟೆ. ಅಲ್ಲಿ ನಮ್ಮ ಮಂದಿಯನ್ನು ನೋಡಬೇಕಿತ್ತು. ತಟ್ಟೆಯ ತುಂಬ ಹೇರಿಕೊಂಡು, ಒಂದೊಂದನ್ನು ಮೂಸಿ, ಒಂದು ಮೂಲೆ ಕಚ್ಚಿ, ಥೂ ಎಂದು ಹಾಗೇ ಬಿಟ್ಟು ಇನ್ನೊಂದು ತಟ್ಟೆ ತರುವುದು. ಬಾಳೆಹಣ್ಣುಗಳು ಪರ್ಸಿನೊಳಗೆ. ಬಾಗಿಲ ಬಳಿಯ ಹೂವಿನ ಕುಂಡದಲ್ಲಿ ತಂಬಾಕಿನ ಕೆಂಪು ಉಗುಳು. ಅಕ್ಕಲಕೋಟದಲ್ಲಿ ಅಗುಳು ಬಿಡದವರು ಇವರೇ.

ಹೊಸದನ್ನು ಬಾಯಿಗೆ ಹಾಕಿದವರು ಅತ್ತೆ ಒಬ್ಬರೇ. ಬೇಯಿಸಿದ ಕಾಯಿಪಲ್ಯದ ಮೇಲೆ ಶೇಂಗಾ ಅರೆದ ಸಾರು ಸುರಿದು ಕೊಡುವ ಒಂದು ಊಟ ಅಲ್ಲಿದೆ. ಮೀನು ಗೀನು ಇಲ್ಲವೆಂದು ನಾನು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡೆ. ಅತ್ತೆ ಬೆರಳು ಅದ್ದಿ ನೆಕ್ಕಿ, “ನಮ್ಮ ಶೇಂಗಾ ಚಟ್ನಿನ ಇದು. ಪಾಪ, ನೀರು ಹೆಚ್ಚಾಗೈತಿ” ಎಂದು ಪೂರ್ತಿ ಉಂಡರು. ಹೋಗುವವರು ಅದನ್ನು ತಿನ್ನಿರಿ. ಅಲ್ಲಿ ನಾನು ಹೇಸದೆ ಉಂಡದ್ದು ಅದೊಂದೇ.

ನೋಡುವುದು ಏನು? ಸಮುದ್ರವೊಂದನ್ನು ಬಿಟ್ಟು ಉಳಿದದ್ದೆಲ್ಲ ತೋರಿಸಿದರು. ಕಣಿವೆಯ ಮೇಲೆ ಒಂದು ಜೋಕಾಲಿ. ಅದರಲ್ಲಿ ಕೂರುವವರಿಗೆ ಮಾರುದ್ದ ಬಾಲದ ಕೆಂಪು ಬಾಡಿಗೆ ಗೌನು. ಹಿಂದಿನವಳ ಬೆವರು ಆರದ ಆ ಗೌನನ್ನು ಸೀರೆಯ ಮೇಲೆಯೇ ಏರಿಸಿಕೊಂಡು ನಮ್ಮ ಹೆಂಗಸರು ಒಬ್ಬರ ಹಿಂದೊಬ್ಬರು ತೂಗಿಸಿಕೊಂಡರು. ಆಮೇಲೆ ಕಾಫಿ ತೋಟ. ಪುನುಗು ಬೆಕ್ಕಿಗೆ ಕಾಫಿ ಹಣ್ಣು ತಿನ್ನಿಸಿ, ಅದು ಹೇತ ಬೀಜವನ್ನು ತೊಳೆದು, ಹುರಿದು, ಪುಡಿ ಮಾಡಿ ಕಾಫಿ ಕೊಡುತ್ತಾರೆ. ಬೆಕ್ಕು ಅಲ್ಲೇ ಪಂಜರದಲ್ಲಿ ಗಿರ್ರನೆ ಸುತ್ತುತ್ತಿತ್ತು. ಅದರ ಬೆನ್ನ ಮೇಲಿನ ಕೂದಲು ಉದುರಿತ್ತು. ಸೊಸೆ ಸ್ನಾನ ಮಾಡದೆ ಒಲೆ ಮುಟ್ಟಿದರೆ ಚಹಾ ಕುಡಿಯದ ನಮ್ಮ ಶೇಟಜಿ ಆ ಕಾಫಿಯನ್ನು ಸುರ್ರೆಂದು ಹೀರಿ, “ಏಕ ನಂಬರ್” ಅಂದರು. ನನಗೆ ವಾಕರಿಕೆ ಬಂತು. ಬೆಕ್ಕಿನ ಹೇಲಿಗಲ್ಲ, ಅದನ್ನು ಕುಡಿಯುವಾಗ ಅವರು ಫೋಟೋಕ್ಕೆ ಕೊಟ್ಟ ನಗುವಿಗೆ.

ಅಲ್ಲಿಯವರು ಬೆಳಿಗ್ಗೆ ಬೆಳಿಗ್ಗೆ ಎಲೆಯ ಪುಟ್ಟ ಬುಟ್ಟಿಯಲ್ಲಿ ಹೂವು, ಒಂದಿಷ್ಟು ಅನ್ನ ಇಟ್ಟು ತಮ್ಮ ಬಾಗಿಲ ಮುಂದೆ, ಫುಟಪಾತಿನ ಮೇಲೆ ದೇವರಿಗೆ ಇಡುತ್ತಾರೆ. ನಮ್ಮವರು ಫೋನ್ ನೋಡುತ್ತ ಅದನ್ನು ತುಳಿದುಕೊಂಡೇ ನಡೆದರು. ಅತ್ತೆ ಒಂದೊಂದು ಬುಟ್ಟಿಯ ಮುಂದೆಯೂ ನಿಂತು, ಸುತ್ತು ಹಾಕಿ ಹೋಗುತ್ತಿದ್ದರು. ಅದಕ್ಕೇ ನಾವಿಬ್ಬರೂ ಯಾವಾಗಲೂ ಹಿಂದೆ. “ಕಾಕು, ಜರಾ ಲವಕರ! ಲಗೂನ ಬರ್ರಿ!” ಎಂದು ಬಸ್ಸಿನಿಂದ ಕೂಗು.

ದಿನವೂ ಅತ್ತೆಯದು ಒಂದೇ ಪ್ರಶ್ನೆ: “ಸಮುದ್ರ ಇವತ್ತೈತೇನು?” ಗೈಡ್ ನಾಳೆ ಎನ್ನುತ್ತಿದ್ದ. ಕಡೆಯ ದಿನ ಹೋಟೆಲ್ ಬಿಟ್ಟ ಮೇಲೆ ಒಂದು ತಾಸು ಸಮುದ್ರದ ದಂಡೆ, ಅಲ್ಲಿಂದ ನೇರ ವಿಮಾನ ಎಂದು ಕೊನೆಗೆ ತಿಳಿಯಿತು. ಅತ್ತೆ ಅಲ್ಲಿಯವರೆಗೂ ಗಂಟನ್ನು ಮಡಿಲಲ್ಲೇ ಇಟ್ಟುಕೊಂಡು ಊರೆಲ್ಲ ತಿರುಗಿದರು. ಸಮುದ್ರ ಸಿಗದೆ ಹೋದರೆ ಕುಂಭಾರಿಯ ಓಣಿಗೆ ಯಾವ ಮುಖ ಹೊತ್ತು ಹೋಗಲಿ ಎಂಬುದೊಂದೇ ಅವರ ಚಿಂತೆ.

ಅಷ್ಟರಲ್ಲಿ ಕೊಳ್ಳುವುದು ಶುರುವಾಗಿತ್ತು. ಗೈಡ್ ಕರೆದುಕೊಂಡು ಹೋದ ಅಂಗಡಿಯಲ್ಲೇ ಕೊಂಡರೆ ಅವನಿಗೆ ಪಾಲು ಸಿಗುತ್ತದೆ ಎಂದು ಮಗ್ಗದ ಊರಿನ ವ್ಯಾಪಾರಿಗಳಿಗೆ ಯಾರೂ ಹೇಳಬೇಕಿರಲಿಲ್ಲ, ಆದರೂ ಮುಗಿಬಿದ್ದರು. ಗಂಡಸರ ಅಂಗದ ಆಕಾರದ ಮರದ ಕೀಲಿಗೊಂಚಲುಗಳನ್ನು ರಾಶಿ ಹಾಕಿ ಮಾರುತ್ತಾರೆ ಅಲ್ಲಿ. ಅದನ್ನು ಹಿಡಿದು ಕಿಸಿಕಿಸಿ ನಗುವ ನಮ್ಮ ತಂಡದ ಬೀಗತಿಯರನ್ನೂ ನೋಡಿ ಬಂದೆ. ಅತ್ತೆ ಮಾತ್ರ ಅಂಗಡಿ ಅಂಗಡಿಗೆ ಹೋಗಿ ಒಣ ಕೊಬ್ಬರಿ ಬಟ್ಟಲು ಹುಡುಕಿದರು. ಎಳನೀರು ಇದೆ, ಹಸಿ ಕಾಯಿ ಇದೆ, ಎಣ್ಣೆ ಇದೆ, ಸಾಬೂನು ಇದೆ. ಬಟ್ಟಲು ಕೇಳಿದರೆ ಹೊಳಪು ಹಾಕಿದ ತೆಂಗಿನ ಚಿಪ್ಪು ತಂದು ಮುಂದಿಡುತ್ತಾರೆ. “ಕೊಬ್ರಿ ತಾವು ತಿಂದು ನಮಗ ಬರೇ ಚಿಪ್ಪು ಕೊಡ್ತಾರಲ್ಲವಾ” ಎಂದು ಅತ್ತೆ ಸೋತು ಕೂತರು. ಶೇಠಾಣಿ ಅಂಥ ಚಿಪ್ಪುಗಳನ್ನೇ ಡಜನ್‌ಗಟ್ಟಲೆ ಕೊಂಡಳು.

ನಮ್ಮ ಗಂಡಸರು ಎಲ್ಲಿಗೆ ಹೋದರೂ ಮೊದಲು ಟಾವೆಲ್ ಹಿಡಿದು ನೋಡುತ್ತಾರೆ. ಅದೊಂದು ಚಟ. ಬೆರಳಲ್ಲಿ ಉಜ್ಜಿ, ಒಂದು ಎಳೆ ಎಳೆದು, ಬೆಳಕಿಗೆ ಹಿಡಿದು, ಎಷ್ಟು ನಂಬರಿನ ನೂಲು, ಎಲ್ಲಿಯ ಮಗ್ಗ ಎಂದು ವಾದ. ಹೋಟೆಲ್ಲಿನ ಟಾವೆಲ್ಲು ದಪ್ಪ, ಬೆಣ್ಣೆಯಂತೆ ಮೆತ್ತಗೆ. ಕಡೆಯ ರಾತ್ರಿ ಊಟದ ಮೇಜಿನಲ್ಲಿ ಶೇಟಜಿ ಹಲ್ಲುಕಡ್ಡಿ ಆಡಿಸುತ್ತ, “ಸ್ಯಾಂಪಲ್ ಇಟಗೊಂಡೀನಿ. ಊರಿಗೆ ಹೋಗಿ ಬಿಚ್ಚಿ ನೋಡ್ತೀನಿ” ಅಂದಿದ್ದರು. ಉಳಿದವರು ಹೌದೌದು ಎಂದು ತಲೆಯಾಡಿಸಿದ ರೀತಿ ನೋಡಿದರೆ ಸ್ಯಾಂಪಲ್ ಒಬ್ಬರ ಚೀಲದಲ್ಲಷ್ಟೇ ಇರಲಿಲ್ಲ.

ಮರುದಿನ ಹೋಟೆಲ್ ಬಿಡುವಾಗ ಮ್ಯಾನೇಜರು ಬಂದು ನಿಂತ. ಕೆಲವು ಕೋಣೆಗಳಲ್ಲಿ ಟಾವೆಲ್ ಕಡಿಮೆಯಾಗಿವೆ, ಮರೆತು ಇಟ್ಟುಕೊಂಡಿದ್ದರೆ ಕೊಟ್ಟುಬಿಡಿ ಎಂದು ಗೈಡ್ ಕಡೆಯಿಂದ ಹಿಂದಿಯಲ್ಲಿ ಹೇಳಿಸಿದ. ಶೇಟಜಿ ಫೋನಿನಲ್ಲಿ ಮುಖ ಹುದುಗಿಸಿದರು. ಆಗ ಮ್ಯಾನೇಜರನ ಕಣ್ಣು ಅತ್ತೆಯ ಮಡಿಲಿನ ಬಿಳಿ ಗಂಟಿನ ಮೇಲೆ ಬಿತ್ತು.

“ಅದು ನಮ್ಮದು” ಎಂದು ನಾನು ಹಿಂದಿಯಲ್ಲಿ ಕೂಗಿದೆ. ಅವನು ಅಷ್ಟರಲ್ಲಿ ಬಗ್ಗಿ ಒಂದು ತುದಿ ಹಿಡಿದಿದ್ದ. ಅತ್ತೆ ಬಿಡಲಿಲ್ಲ, ಅವನೂ ಬಿಡಲಿಲ್ಲ. ಗಂಟು ಬಿಚ್ಚಿತು. ಕುಂಭಾರಿಯ ಅಕ್ಕಿಯೆಲ್ಲ ಆ ನುಣುಪು ಕಲ್ಲಿನ ಮೇಲೆ ಸರ್ರನೆ ಹರಡಿಹೋಯಿತು. ಅಡಿಕೆ, ಉತ್ತತ್ತಿ ಕುರ್ಚಿಗಳ ಕೆಳಗೆ ಉರುಳಿದವು. ಖಣ ಒಂದು ಕಡೆ ಬಿತ್ತು. ಮ್ಯಾನೇಜರ್ ಕೈಯಲ್ಲಿ ನೀಲಿ ಗೆರೆಯ ಟಾವೆಲ್ಲು. ತಮ್ಮದಲ್ಲ ಎಂದು ಅವನಿಗೆ ಗೊತ್ತಾಯಿತು; ಪದೇ ಪದೇ ಸಾರಿ ಎನ್ನುತ್ತ ಅದನ್ನು ಎದೆಗೆ ಹಿಡಿದು ನಿಂತ.

ನಮ್ಮ ಹೆಂಗಸರು ಹಿಂದೆ ಸರಿದರು. ಚೆಲ್ಲಿದ ಉಡಿ ಅಪಶಕುನವಂತೆ, ಮುಟ್ಟಬಾರದಂತೆ. ಶೇಠಾಣಿ ತನ್ನ ಸೀರೆಯ ನೆರಿಗೆ ಎತ್ತಿ ಹಿಡಿದುಕೊಂಡಳು. ಊರಲ್ಲಿ ಎಷ್ಟು ಸಲ ನಾನು ಅವಳ ಉಡಿ ತುಂಬಿದ್ದೆನೋ! ಆಗ ನನಗೆ ಬಂದ ಹೇಸಿಕೆ ಇವತ್ತಿಗೂ ಹೋಗಿಲ್ಲ. ಅವಳನ್ನು ಕಂಡರೆ ಇಂದಿಗೂ ಆ ನೆರಿಗೆ ನೆನಪಾಗುತ್ತದೆ.

“ಶೇಟಜಿ, ಬ್ಯಾಗ ತಗೀರಿ” ಅಂದೆ. ಅವರು ಕೇಳದವರಂತೆ ನಿಂತರು. “ಆ ಸ್ಯಾಂಪಲ್ ಹೊರಗ ತಗೀತೀರೋ, ನಾ ತಗೀಲೋ?” ಎಂದು ಲಾಬಿಗೆಲ್ಲ ಕೇಳುವಂತೆ ಕೂಗಿದೆ. ಪೆಟ್ಟಿಗೆ ತೆರೆಯಿತು. ಒಂದರ ಹಿಂದೊಂದು ಇತರ ಪೆಟ್ಟಿಗೆಗಳೂ ತೆರೆದವು. “ಚೋರಿ ಅಲ್ಲರೀ, ಧಂದಾಕ್ಕ ನೋಡಾಕ” ಎಂದು ಶೇಟಜಿ ಗೊಣಗಿದರು. ನಾನು ಅತ್ತ ನೋಡಲೂ ಇಲ್ಲ. ಮಂಡಿಯೂರಿ ಅಕ್ಕಿ ಬಳಿಯುತ್ತಿದ್ದೆ.

ಅಷ್ಟರಲ್ಲಿ ಕಸ ಬಳಿಯುವ ಹೆಂಗಸೊಬ್ಬಳು ಪೊರಕೆ ಹಿಡಿದು ಬಂದಳು. ಅಲ್ಲಿಯವಳು. ಅತ್ತೆ ಎರಡೂ ಕೈ ಅಡ್ಡ ಹಿಡಿದು, “ಬ್ಯಾಡವಾ, ಕಸಬರಿಗಿ ಹಚ್ಚಬ್ಯಾಡ” ಅಂದರು. ಆಕೆಗೆ ಮಾತು ಹೇಗೆ ತಿಳಿಯಬೇಕು? ಅಕ್ಕಿಯನ್ನು ನೋಡಿದಳು, ಅತ್ತೆಯ ಮುಖ ನೋಡಿದಳು. ಪೊರಕೆಯನ್ನು ಗೋಡೆಗೆ ಒರಗಿಸಿ, ಕುಕ್ಕರುಗಾಲಲ್ಲಿ ಕೂತು, ಕಾಳು ಕೂಡಿಸತೊಡಗಿದಳು. ಬೊಗಸೆ ತುಂಬಿತು. ಎಲ್ಲಿ ಹಾಕಬೇಕು ಎಂದು ಸುತ್ತ ನೋಡಿದಳು. ಟಾವೆಲ್ಲು ಇನ್ನೂ ಮ್ಯಾನೇಜರನ ಎದೆಯ ಮೇಲಿತ್ತು. ನೆಲದ ಮೇಲೆ ಕೂತಿದ್ದ ಅತ್ತೆ ಗಾಬರಿಯಲ್ಲಿ ಸೆರಗು ಒಡ್ಡಿದರು.

ಆಕೆ ಎರಡೂ ಕೈಯಿಂದ ಬಗ್ಗಿ ಆ ಸೆರಗಿಗೆ ಅಕ್ಕಿ ಹಾಕಿದಳು. ಮತ್ತೆ ಒಂದು ಬೊಗಸೆ. ಅಡಿಕೆ, ಉತ್ತತ್ತಿ. ಖಣದ ಧೂಳು ಕೊಡವಿ ಅದನ್ನೂ ಇಟ್ಟಳು. ಸೋಫಾದ ಕೆಳಗೆ ಕೈ ತೂರಿಸಿ ಅರಿಶಿಣ ಕೊಂಬು ಹುಡುಕಿ ತೆಗೆದು, ತನ್ನ ಅಂಗಿಗೆ ಒರೆಸಿ, ಎಲ್ಲದರ ಮೇಲೆ ಇಟ್ಟಳು. ಶೇಠಾಣಿ, “ಅಯ್ಯ ಅಯ್ಯ” ಎಂದು ಬಾಯಿಗೆ ಕೈ ಹಿಡಿದಳು. ಆಗಷ್ಟೇ ಅತ್ತೆಗೂ ಏನಾಗಿದೆ ಎಂದು ಹೊಳೆದಿರಬೇಕು. ಸೆರಗಿನೊಳಗೆ ನೋಡಿದರು. ಆಮೇಲೆ ಅದರಿಂದ ನಾಲ್ಕು ಕಾಳು ಎತ್ತಿ ಆಕೆಯ ಅಂಗೈಗೆ ಹಾಕಿದರು. ಆಕೆ ಅದನ್ನು ತಲೆಗೆ ಮುಟ್ಟಿಸಿ ಜೇಬಿಗೆ ಹಾಕಿಕೊಂಡು ಪೊರಕೆ ಎತ್ತಿಕೊಂಡು ಹೋದಳು.

ಮ್ಯಾನೇಜರು ಟಾವೆಲ್ಲು ತಿರುಗಿ ಕೊಟ್ಟರೆ ಅತ್ತೆ ತೆಗೆದುಕೊಳ್ಳಲಿಲ್ಲ. ಸೆರಗಿನ ತುದಿಯನ್ನು ಸೊಂಟಕ್ಕೆ ಸಿಕ್ಕಿಸಿ, ತುಂಬಿದ ಉಡಿಯನ್ನು ಎರಡೂ ಕೈಯಿಂದ ಹಿಡಿದು ಬಸ್ಸು ಹತ್ತಿದರು.

ಸಮುದ್ರ ಹೇಗಿತ್ತೆಂದು ಕೇಳುತ್ತೀರಲ್ಲ, ಹೇಳುತ್ತೇನೆ. ದೂರದಿಂದ ನೀಲಿ. ಹತ್ತಿರ ಹೋದರೆ ದಂಡೆಯುದ್ದಕ್ಕೂ ಪ್ಲಾಸ್ಟಿಕ್ ಲೋಟ, ಹೀರುಕೊಳವೆ, ಹರಿದ ಚಪ್ಪಲಿ, ಮಗುವಿನ ಹೇಲಿನ ಚಡ್ಡಿ. ನಮ್ಮವರು ಅಲ್ಲಿಯೇ ನಿಂತು ಉಳಿದ ರೊಟ್ಟಿಯ ಪ್ಯಾಕೆಟ್ಟು, ಚಟ್ನಿಯ ಚೀಲ ಖಾಲಿ ಮಾಡಿ ಎಸೆದರು; ವಿಮಾನಕ್ಕೆ ಭಾರವಾಗಬಾರದಲ್ಲ. ನೋಡನೋಡುತ್ತ ಸೊಲ್ಲಾಪುರದ ಶೇಂಗಾ ಚಟ್ನಿಯ ಖಾಲಿ ಚೀಲವೊಂದು ತೆರೆಯ ಮೇಲೆ ಕುಣಿಯುತ್ತ ಹೋಯಿತು. ನನಗೆ ನಾಚಿಕೆಯಿಂದ ಸಾಯುವಂತಾಯಿತು.

“ಅತ್ತಿ, ಕೊಡ್ರಿ. ನಾ ತುಂಬತೀನಿ” ಎಂದು ಕೈ ಚಾಚಿದೆ. ಮಾತು ಆಗಿದ್ದದ್ದು ಹಾಗೆಯೇ.

“ಬ್ಯಾಡ” ಅಂದರು.

ಶೇಠಾಣಿ ಹಿಂದಿನಿಂದ ಬಂದಳು. “ಕಾಕು, ತಸ ಚಾಲತ ನಾಹೀ. ನೀವು ತುಂಬಿದ್ರ ನಡಿಯೂದಿಲ್ರಿ. ಕುಂಭಾರಿ ಮುತ್ತೈದ್ಯಾರು ಕೊಟ್ಟಿದ್ದು ಅದು.”

ಅತ್ತೆ ತಿರುಗಿ ನಿಂತರು. ಅವರು ಯಾರಿಗೂ ಎದುರಾಡಿದ್ದನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ. “ಅವರು ಕೊಟ್ಟದ್ದು ನೆಲಕ್ಕ ಬಿತ್ತವಾ. ನೀವ್ಯಾರೂ ಎತ್ತಲಿಲ್ಲ. ಇದು ನನಗ ತುಂಬಿದ ಉಡಿ. ನಂದನ್ನ ನಾ ಯಾರಿಗರ ಕೊಡ್ತೀನಿ” ಅಂದರು.

ಕಸದ ಸಾಲನ್ನು ಕಾಲಿನಿಂದ ಸರಿಸುತ್ತ, ನೀರು ತಿಳಿಯಾಗುವವರೆಗೆ, ಮೊಣಕಾಲಿನ ತನಕ ನಡೆದರು. ಬೀಳುತ್ತಾರೆಂದು ನಾನು ಹಿಂದೆ ಓಡಿ ರಟ್ಟೆ ಹಿಡಿದೆ. ಒಂದೇ ಸಲ ಸುರಿಯಲಿಲ್ಲ. ಹಿಡಿ ಹಿಡಿಯಾಗಿ ಹಾಕಿದರು, ಪ್ರತಿ ಹಿಡಿಗೂ ಓಣಿಯ ಒಬ್ಬೊಬ್ಬಳ ಹೆಸರು ಹೇಳಿ. ಎಲ್ಲರದೂ ಮುಗಿದ ಮೇಲೆ, ಅಣ್ಣನ ಹೆಂಡತಿಯ ಹೆಸರನ್ನು ತೆರೆಯ ಸದ್ದಿಗಿಂತ ಜೋರಾಗಿ ಕೂಗಿ ಕಡೆಯ ಹಿಡಿ ಹಾಕಿದರು. ದಂಡೆಯ ಮೇಲಿದ್ದವರಿಗೆಲ್ಲ ಕೇಳಿಸಿತು.

ಊರಿಗೆ ಬಂದ ವಾರದಲ್ಲಿ ಕುಂಭಾರಿಗೆ ಹೋದೆವು. ಅಷ್ಟರೊಳಗೆ ಸುದ್ದಿ ನಮಗಿಂತ ಮುಂದೆ ಹೋಗಿತ್ತು. ಶೇಠಾಣಿಯ ಫೋನು ಸುಮ್ಮನೆ ಇರುತ್ತದೆಯೇ! ಪಡಸಾಲೆಯಲ್ಲಿ ಹೆಂಗಸರು ಬಿಗಿದ ಮುಖದಲ್ಲಿ ಕೂತಿದ್ದರು. ನಾನು ಜಗಳಕ್ಕೆ ಸೊಂಟ ಕಟ್ಟಿಕೊಂಡೇ ಬಂದಿದ್ದೆ. ಅತ್ತೆ ಒಂದನ್ನೂ ಮುಚ್ಚಿಡಲಿಲ್ಲ. ಕೊಬ್ಬರಿ ಹೋದದ್ದು, ಉಡಿ ಚೆಲ್ಲಿದ್ದು, ಕಸ ಬಳಿಯುವವಳು ತಮಗೆ ತುಂಬಿದ್ದು, ತಾವು ಸಮುದ್ರಕ್ಕೆ ತುಂಬಿದ್ದು, ಎಲ್ಲವನ್ನೂ ಹೇಳಿ, “ಸಮುದ್ರದ ದಂಡಿ ಭಾಳ ಹೊಲಸೈತಿ. ಮಾಡಿದವರು ನಮ್ಮವರನ” ಎಂದು ಮುಗಿಸಿದರು.

ಒಳಬಾಗಿಲ ಹತ್ತಿರ ನಿಂತಿದ್ದ ಅಣ್ಣನ ಹೆಂಡತಿ ಹೊಸ್ತಿಲು ದಾಟಿ ಬಂದು, ಎಲ್ಲರ ನಡುವೆ, ಅತ್ತೆಯ ಎದುರಿಗೆ ಕೂತರು. ಅತ್ತೆಯ ಸೆರಗನ್ನು ಬೆರಳಲ್ಲಿ ಹಿಡಿದು ನೋಡುತ್ತ ಕೇಳಿದರು: “ಇಷ್ಟು ವರ್ಷದ ಮ್ಯಾಲೆ ಉಡಿ ತುಂಬಿತು. ಭಾರ ಆಗಲಿಲ್ಲೇನ?”

“ಆತು” ಅಂದರು ಅತ್ತೆ. “ಸಮುದ್ರದಾಗ ನಿಂತರೂ ಇಳಿಸಾಕ ಮನಸ್ಸು ಬರಲಿಲ್ಲ ನೋಡು.”